ಒಂದು ಜೀವವೂ ಹೋಗದ ಕಟ್ಟಡ

ಕಟ್ಟಡಕ್ಕೆ ಐವತ್ತು ವರ್ಷ ತುಂಬಿತೆಂದು ಪುಸ್ತಿಕೆ ಅಚ್ಚು ಹಾಕಿಸಿದ್ದರು. ಅದರ ನಾಲ್ಕನೆಯ ಪುಟದಲ್ಲಿತ್ತು ಆ ಸಾಲು: "ಹದಿನೆಂಟು ಅಂತಸ್ತಿನ ಈ ಸೌಧ ಏರುವಾಗ ಒಂದು ಜೀವಕ್ಕೂ ಹಾನಿಯಾಗಲಿಲ್ಲ." ಅದನ್ನೇ ಹಿತ್ತಾಳೆಯ ಫಲಕದಲ್ಲಿ ಕೆತ್ತಿಸಿ ನಾಳೆ ಬಾಗಿಲ ಬಳಿ ಕೂರಿಸುವವರಿದ್ದರು. ಓದಿದ ಮುದುಕನಿಗೆ ಅಂಗಾಲಿನ ಉರಿ ನೆತ್ತಿಗೇರಿತು. ತಮ್ಮನ ಹೆಂಡತಿಯನ್ನು ಕರೆದುಕೊಂಡು ನೇರ ಅಲ್ಲಿಗೇ ಹೋದ.

ಊರಿನಲ್ಲಿ ಅಷ್ಟೆತ್ತರದ್ದು ಅದೇ ಮೊದಲು. ಅದಕ್ಕೂ ಮುಂಚೆ ಗೋಡೆಯೇ ಭಾರ ಹೊರಬೇಕಿತ್ತು. ಆರೇಳು ಅಂತಸ್ತು ಏರುವಷ್ಟರಲ್ಲಿ ಬುಡದ ಗೋಡೆ ಮಾರು ದಪ್ಪವಾಗುತ್ತಿತ್ತು. ಇಲ್ಲಿ ಕಲ್ಲು ಬರೀ ಅಂಗಿ, ಎಲುಬೆಲ್ಲ ಉಕ್ಕು. ಆ ಎಲುಬು ಜೋಡಿಸಿದವರಲ್ಲಿ ಆಗ ಹರೆಯದಲ್ಲಿದ್ದ ಮುದುಕನೂ ಅವನ ತಮ್ಮನೂ ಇದ್ದರು. ಕುಲುಮೆಯಲ್ಲಿ ಕೆಂಪಗೆ ಕಾದ ರಿವೆಟ್ಟನ್ನು, ಅಂದರೆ ತೊಲೆ ಬೆಸೆಯುವ ಮೊಳೆಯನ್ನು, ಅಣ್ಣ ಇಕ್ಕಳದಿಂದ ಎಸೆಯಬೇಕು. ತಮ್ಮ ತೊಲೆಯ ಮೇಲೆ ನಿಂತು ತಗಡಿನ ಡಬ್ಬಿಯಲ್ಲಿ ಹಿಡಿಯಬೇಕು. ಹದಿನಾರನೆಯ ಅಂತಸ್ತಿನಲ್ಲಿ ಒಂದು ಎಸೆತ ಗೇಣಿನಷ್ಟು ಆಚೆ ಹೋಯಿತು. ತಮ್ಮ ಬಾಗಿದ. ಅಷ್ಟೇ.

ಈಗ ಅದೇ ಕಟ್ಟಡದ ಎರಡನೆಯ ಅಂತಸ್ತಿನ ಕೋಣೆಯಲ್ಲಿ ಅದರ ಮ್ಯಾನೇಜರ್ ಕುರ್ಚಿ ತೋರಿಸಿದ. "ಕೂತ್ಕೊಳ್ಳಿ ತಾತ."

"ಕೂರೋಕೆ ಬಂದಿಲ್ಲ. ಆ ಸಾಲು ತೆಗೀರಿ. ನನ್ನ ತಮ್ಮಂದು ಜೀವ ಅಲ್ವೇನಪ್ಪ? ಮೇಲಿಂದ ಬಿದ್ದಿದ್ದು ಸಿಮೆಂಟ್ ಮೂಟೆನಾ?"

"ಮನಸ್ಸಿಗೆ ಬಂದದ್ದು ಬರೆದಿಲ್ಲ. ದಾಖಲೆ ನೋಡೇ ಬರೆದಿರೋದು."

"ಇಪ್ಪತ್ತಕ್ಕೇ ಗಂಡನ್ನ ಕಳಕೊಂಡೋಳು ಎದುರಿಗೆ ನಿಂತಿದ್ದೀನಿ," ಎಂದಳು ತಮ್ಮನ ಹೆಂಡತಿ. "ಇದಕ್ಕಿಂತ ದಾಖಲೆ ಬೇಕಾ?"

ಮ್ಯಾನೇಜರ್ ಬೀರುವಿನಿಂದ ಹಳದಿಯಾದ ಹಾಳೆಯೊಂದನ್ನು ತೆಗೆದು ಓದಿದ: "'ನನ್ನ ತಮ್ಮ ಆ ದಿನ ಕೆಲಸಕ್ಕೆ ಬಂದಿರಲಿಲ್ಲ. ಕುಡಿದು, ಯಾರನ್ನೂ ಕೇಳದೆ ಮೇಲೆ ಹತ್ತಿದ್ದ.' ಕೆಳಗಿರೋ ಸಹಿ ನಿಮ್ಮದೇ ತಾನೆ ತಾತ?"

ಆ ಹಾಳೆ ಅದನ್ನು ಬರೆಸಿಕೊಂಡ ಮೇಸ್ತ್ರಿಯ ಜೊತೆಗೇ ಮಣ್ಣಾಯಿತೆಂದು ಮುದುಕ ನಂಬಿದ್ದ. ಐವತ್ತು ವರ್ಷ ದಿನವೂ ದೇವರ ಮುಂದೆ ಕೈ ಜೋಡಿಸಿದ್ದ. ಇದೊಂದರ ಬಗ್ಗೆ ಮಾತ್ರ ಬಾಯಿ ಬಿಟ್ಟಿರಲಿಲ್ಲ, ದೇವರಿಗೆ ಗೊತ್ತೇ ಇಲ್ಲವೇನೋ ಎಂಬಂತೆ.

"ಕುಡಿದು?" ಅವಳು ಚೀರಿದಳು. "ಜನ್ಮದಲ್ಲಿ ಒಂದು ಹನಿ ಮುಟ್ಟಿದೋರಲ್ಲ ಅವರು. ಭಾವ, ಏನಿದು?"

"ನಾನು ಎಸೆದಿದ್ದು ಗುರಿ ತಪ್ಪಿತ್ತಮ್ಮ. ಸಹಿ ಹಾಕು, ಇಲ್ಲಾಂದ್ರೆ ಕೊಂದವನು ನೀನೇ ಅಂತ ಬರೀತೀನಿ ಅಂದ ಮೇಸ್ತ್ರಿ. ಹೆದರಿಬಿಟ್ಟೆ."

"ಹೆದರಿದ್ರಿ! ನನ್ನ ಗಂಡನ್ನ ಕುಡುಕ ಮಾಡಿ ನೀವು ಬಚಾವಾದ್ರಿ!"

ಅಷ್ಟು ಹೊತ್ತು ಮ್ಯಾನೇಜರನ ಮೇಲಿದ್ದ ಮುದುಕನ ಸಿಟ್ಟು ಈಗ ಆ ಸಹಿ ಹಾಕಿದ ತನ್ನದೇ ಬಲಗೈಯತ್ತ ತಿರುಗಿತು. ಅದೇ ಕೈಯಿಂದ ಮೇಜಿನ ಮೇಲಿದ್ದ ಪೆನ್ನನ್ನು ಕಸಿದುಕೊಂಡ.

"ದಾಖಲೆ ಹಾಳು ಮಾಡ್ಬೇಡಿ ತಾತ!" ಮ್ಯಾನೇಜರ್ ಅವನ ಕೈ ಹಿಡಿದ.

"ಹಾಳಾಗಿದ್ದು ಐವತ್ತು ವರ್ಷದ ಹಿಂದೆ ಕಣಯ್ಯ. ಬಿಡು ಕೈ!"

ಅವಳು ಎರಡೂ ಅಂಗೈಗಳಿಂದ ಹಾಳೆಯನ್ನು ಮೇಜಿಗೆ ಒತ್ತಿ ಹಿಡಿದಳು. "ಕುಡಿದಿರಲಿಲ್ಲ ಅಂತ ಮೊದ್ಲು ಬರೀರಿ. ಕೆಲಸದಲ್ಲಿದ್ದಾಗಲೇ ಬಿದ್ದರು ಅಂತ ಬರೀರಿ. ಎಸೆದೋರು ಯಾರು ಅಂತಾನೂ ಬರೀರಿ ಭಾವ. ಬರೆದು ಮುಗಿಸಿ. ಆಮೇಲೆ ನನ್ನ ಮನೆ ಬಾಗಿಲು ತುಳೀಬೇಡಿ."

ಅವನು ಬರೆದ. ಹಳೆಯ ಸಹಿಯನ್ನು ಹೊಡೆದುಹಾಕಿ ಹೊಸದನ್ನು ಹಾಕಿದ.

ಮ್ಯಾನೇಜರ್ ಎರಡು ಸಲ ಓದಿದ. ಫೋನ್ ಎತ್ತಿ, "ಆ ಫಲಕ ನಾಳೆ ತರ್ಬೇಡಿ," ಎಂದ.

ಮುದುಕ ತಿರುಗಿ ನೋಡುವಷ್ಟರಲ್ಲಿ ಅವಳು ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಹೋಗುತ್ತಿದ್ದಳು.