ಬೆನ್ನು ತಿರುವಿ ಕೂತಾಕಿ

ಒಂದು ರೊಟ್ಟಿ ಹಂಚಿನ ಮೇಲೆ, ಇನ್ನೊಂದು ಅಂಗೈಯ ಕೆಳಗೆ. ಶಿವಕಾಂತಾ ಬಡಿಯುತ್ತಲೇ ಇದ್ದಳು. ಪಡಸಾಲೆಯಲ್ಲಿ ಮೂವರು ಕಲಾವಿದರು ಉಣ್ಣುತ್ತಿದ್ದರು. ರೊಟ್ಟಿ ಬಂದಾಗ "ಆಹಾ, ಎಂಥ ಆಕಾರ!" ಎನ್ನುವರು; ಪಲ್ಯ ತೀರಿದಾಗ ಮಾತ್ರ ಒಳಗೊಬ್ಬ ಹೆಂಗಸಿದ್ದಾಳೆಂಬುದು ಅವರಿಗೆ ನೆನಪಾಗುವುದು.

ಅವಳ ಗಂಡ ದೌಲತರಾಯ ಅಫಜಲಪುರದ ವಕೀಲ. ಅಪ್ಪನ ಕಾಲದ ಹತ್ತಿ ಗೋದಾಮಿಗೆ ಸುಣ್ಣ ಬಳಿಸಿ 'ಕಲಾ ಗ್ಯಾಲರಿ' ಎಂದು ಫಲಕ ಹಾಕಿಸಿದ್ದ. ಊರಲ್ಲಿ ನಳಕ್ಕೆ ನೀರಿರಲಿಲ್ಲ, ಕರೆಂಟು ತನಗೆ ಮನಸ್ಸಾದಾಗ ಬರುತ್ತಿತ್ತು. ಕಲೆಯೊಂದು ಕಡಿಮೆಯಿತ್ತು, ಈಗ ಅದೂ ಬಂದಿತ್ತು.

ನೀರಿಡಲು ಹೋದವಳು ಗಂಡನಿಗೆ ಮೆಲ್ಲಗೆ ಹೇಳಿದಳು: "ಸೋಮವಾರ ಗೊಬ್ಬೂರಕ ಹೋಗಿ ಬರ್ತೇನ್ರಿ. ಅಕ್ಕಂದು ವರ್ಷದ ಕಾರ್ಯ ಅದ."

"ಸೋಮವಾರ ಗುಲಬರ್ಗಾದಿಂದ ಪೇಪರಿನವರು ಬರ್ತಾರ. ಅಡಗಿ ಯಾರು ಮಾಡ್ತಾರ? ಸತ್ತಾಕಿಗೆ ಏನ್ ಅವಸರ ಅದ? ಮುಂದಿನ ವಾರ ಹೋಗೀಯಂತ."

ಹೋದ ವರ್ಷವೂ ಹೀಗೇ ಆಗಿತ್ತು. ಅಕ್ಕ ಹೀರಾಬಾಯಿ ತೀರಿಕೊಂಡ ಸುದ್ದಿ ಬಂದ ದಿನ ಮನೆಯಲ್ಲಿ 'ಕಲೆ ಮತ್ತು ಕರುಣೆ' ಎಂಬ ಸಭೆಯಿತ್ತು. ಕರುಣೆಯವರಿಗೆ ಉಣಬಡಿಸಿ ಇವಳು ಗೊಬ್ಬೂರ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಅಕ್ಕನ ಮುಖ ಸಿಗಲಿಲ್ಲ. ಮರುದಿನ ಘತ್ತರಗಿಗೆ ಹೋಗಿ, ಭೀಮಾ ನದಿಯ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಅತ್ತು, ಮನೆಗೆ ಬಂದಿದ್ದಳು. "ಬಂದೀಯೇನು? ಚಹಾ ಇಡು" ಎಂದಿದ್ದ ಗಂಡ.

ಸಂಜೆ ಗೋದಾಮಿನ ತುಂಬ ಜನ. ತುಕ್ಕು ಹಿಡಿದ ಕಬ್ಬಿಣ ಬೆಸೆದು ನಿಲ್ಲಿಸಿದ 'ರೈತನ ಆತ್ಮ'ದ ಸುತ್ತ ಗೌಡರ ದೊಡ್ಡಪ್ಪ ಒಂದು ಸುತ್ತು ಬಂದ. "ಇದು ನಮ್ಮ ಹೊಲಾ ಹರಗೋ ಮುರಕ ಕುಂಟಿ ಇದ್ದಂಗ ಅದಲ್ಲೋ. ರಿಪೇರಿಗೆ ಬಂದದೇನು?" ಶಿಲ್ಪಿ ಕಣ್ಣು ಮುಚ್ಚಿಕೊಂಡ. ಆಚೆ ತಹಶೀಲ್ದಾರರು ಬರೀ ಹಳದಿ ಬಳಿದ ದೊಡ್ಡ ಚಿತ್ರದ ಮುಂದೆ ಕತ್ತು ಓರೆ ಮಾಡಿ ನಿಂತಿದ್ದರು.

"ಇದರಾಗ ಏನದ್ರಿ?"

"ನಿಮಗ ಏನ್ ಕಾಣಸ್ತದೋ ಅದೇ ಅದ್ರಿ," ಎಂದ ಚಿತ್ರಕಾರ.

"ನನಗ ಏನೂ ಕಾಣವಲ್ದು."

"ಅದೇ ರಿ! ಶೂನ್ಯ!"

ತಹಶೀಲ್ದಾರರು ಬಯಲಲ್ಲಿ ಬಯಲಾದವರಂತೆ ತಲೆಯಾಡಿಸಿದರು.

ಚಹಾದ ತಟ್ಟೆ ಹಿಡಿದು ಬಂದ ಶಿವಕಾಂತಾ ಫೋಟೋಗಳ ಗೋಡೆಯ ಮುಂದೆ ನಿಂತುಬಿಟ್ಟಳು. ನದಿಯ ಮೆಟ್ಟಿಲು. ಮೊಣಕಾಲಿಗೆ ಹಣೆಯಿಟ್ಟು, ಬೆನ್ನು ತಿರುವಿ ಕೂತ ಹೆಂಗಸು. ಕುಪ್ಪಸದ ತೋಳಿಗೆ ಬೇರೆ ಬಟ್ಟೆಯ ತೇಪೆ, ಮೊಣಕೈ ಮೇಲೆ ಹಂಚು ಸುಟ್ಟ ಉದ್ದನೆಯ ಕಲೆ. ಕೆಳಗೆ ಹೆಸರು: 'ಅನಾಮಿಕ ದುಃಖ'. ಶಿವಕಾಂತಾ ತಟ್ಟೆಯನ್ನು ಒಂದು ಕೈಗೆ ಬದಲಿಸಿ ಸೆರಗನ್ನು ತನ್ನ ಮೊಣಕೈಯ ಕಲೆ ಮುಚ್ಚುವಂತೆ ಎಳೆದುಕೊಂಡಳು. ಎಳೆದುಕೊಳ್ಳುವ ಅಗತ್ಯವೇ ಇರಲಿಲ್ಲ. ದೌಲತರಾಯ ಫೋಟೋದ ಮುಂದೆಯೇ ನಿಂತಿದ್ದ. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಯಾರ್ರೀ ಈಕಿ?"

"ಯಾವಾಕಿನೋ ಏನೋ ರಿ," ಎಂದ ಫೋಟೋ ತೆಗೆದ ಅಂಬಾರಾಯ. "ಕೇಳ್ಲಿಲ್ಲ. ಕೇಳಿದ್ರ ಚಿತ್ರ ಕೆಡ್ತದ."

"ಪಾಪ, ಆಕಿ ಮನ್ಯಾಗ ಯಾವನಿದ್ದಾನೋ ಕಲ್ಲು! ಇಂಥ ದುಃಖ ನೋಡಾಕ ಕಣ್ಣು ಬೇಕ್ರಿ, ಕಣ್ಣು." ಹೆಂಡತಿಯನ್ನು ಕಂಡು ಕರೆದ: "ಏ, ಇಲ್ಲಿ ಬಾ. ನೋಡು, ಹೆಂಗ ಅಳಾಕತ್ತಾಳ. ನಿನಗೇನರ ತಿಳೀತದೇನು?"

"ಸ್ವಲ್ಪ ತಿಳೀತದ್ರಿ."

"ನಿನಗೇನ್ ತಿಳೀತದ ಬಿಡು," ಎಂದು ನಕ್ಕ. "ಸಾಹೇಬ್ರಿಗೆ ಚಹಾ ಕೊಡು ಹೋಗು. ಆರಾಕತ್ತದ."

ಅವಳು ಇನ್ನೊಮ್ಮೆ ಆ ಬೆನ್ನು ನೋಡಿದಳು. ಹೇಳಿಬಿಡಬಹುದಿತ್ತು. ಹೇಳಿದರೆ ಇವನು ಇದರ ಮೇಲೂ ಸಭೆಯಲ್ಲಿ ಭಾಷಣ ಮಾಡಿಯಾನು.

ತಹಶೀಲ್ದಾರರಿಗೆ ಚಹಾ ಕೊಟ್ಟಳು, ಶಿಲ್ಪಿಗೆ ಕೊಟ್ಟಳು, ಸಕ್ಕರೆ ಸಾಕೇ ಎಂದು ಎಲ್ಲರನ್ನೂ ಕೇಳಿದಳು. ಸೋಮವಾರ ಗೊಬ್ಬೂರಕ್ಕೆ ಹೋಗಲೇ ಎಂದು ಮಾತ್ರ ಮತ್ತೆ ಯಾರನ್ನೂ ಕೇಳಲಿಲ್ಲ. ಮೊದಲ ಬಸ್ಸು ಎಷ್ಟು ಹೊತ್ತಿಗೆಂದು ಅವಳಿಗೆ ಗೊತ್ತಿತ್ತು.