ಒಲೆಯಲ್ಲಿ ಬೆಂದ ಹಾಡು

ಹಾಡು ಮಾರಿ ಒಲೆ ತಂದವರ ಕಥೆ ಆ ಬೀದಿಯಲ್ಲಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಹೊಸಬರು ಯಾರಾದರೂ ಬ್ರೆಡ್ಡಿಗೆ ಸಾಲಿನಲ್ಲಿ ನಿಂತರೆ, ಹಿಂದೆ ನಿಂತ ಹಳಬರು ಅವರ ಕಿವಿಗೆ ಹಾಕಿಬಿಡುತ್ತಿದ್ದರು. "ಗಲ್ಲಾದಲ್ಲಿ ಕೂತಿದ್ದಾರಲ್ಲ, ಅವರೇ ಪಲ್ಲವಿ ಮಾಮ. ಒಂದು ಕಾಲದಲ್ಲಿ ಅವರ ಹಾಡು ಯಾವ ಅಂಗಡಿ ಮುಂದೆ ಹೋದ್ರೂ ಕೇಳಿಸ್ತಿತ್ತು. ಕ್ಯಾಸೆಟ್ ಕಂಪನಿಗೆ ಪೂರ್ತಿ ಮಾರಿಬಿಟ್ರು. ಆ ದುಡ್ಡಲ್ಲಿ ಬಂದಿದ್ದೇ ಒಳಗಿರೋ ಒಲೆ." ಕೇಳಿದವರು ತಪ್ಪದೆ 'ಅಯ್ಯೋ ಪಾಪ' ಅನ್ನುತ್ತಿದ್ದರು. ಆ 'ಅಯ್ಯೋ ಪಾಪ' ಒಳಗೆ ಹಿಟ್ಟು ನಾದುತ್ತಿದ್ದ ಮಾಮನ ಹೆಂಡತಿ ಒಲೆಯಕ್ಕನ ಕಿವಿಗೆ ಇಪ್ಪತ್ತೊಂಬತ್ತು ವರ್ಷಗಳಿಂದ ಬೀಳುತ್ತಿತ್ತು.

ಪಾಪ ಅನ್ನುವಂಥದ್ದು ಏನಾಗಿತ್ತಂತೆ? ಎರಡು ಅಂತಸ್ತಿನ, ಕಲ್ಲಿನ ತಳದ, ಗಟ್ಟಿಮುಟ್ಟಾದ ಒಲೆ ಅದು. ಮಗನನ್ನು ಓದಿಸಿತು, ಅವನಿಗೆ ಬ್ರೆಡ್ ಹಂಚುವ ವ್ಯಾನು ತೆಗೆಸಿಕೊಟ್ಟಿತು, ಮದುವೆ ಮಾಡಿಸಿತು. ಒಲೆಯ ವಿಷಯದಲ್ಲಿ ಒಲೆಯಕ್ಕನಿಗೆ ಹೆಮ್ಮೆಯೇ ಹೊರತು ನಾಚಿಕೆ ಇರಲಿಲ್ಲ. ಅವಳ ಸಂಕಟ ಬೇರೆಯದು. ಹಾಡು ಮಾರಿದ ದಿನದಿಂದ ಗಂಡ ಅದನ್ನು ಒಂದೇ ಒಂದು ಸಲವೂ ಹಾಡಿರಲಿಲ್ಲ. ಬಾಡಿಗೆ ಮನೆಯ ಇಕ್ಕಟ್ಟಿನ ಅಡುಗೆಮನೆಯಲ್ಲಿ ಅವಳು ಹಿಟ್ಟು ನಾದುವಾಗ ಎದುರಿಗೆ ಕೂತು, 'ಬಾಗಿಲ ತೆರೆದಿಡು, ಬೆಳಕಿಗೆ ಕೆಲಸವಿದೆ' ಅಂತ ಸಾಲಿಗೆ ಸಾಲು ಸೇರಿಸಿ ಕಟ್ಟಿದ ಮನುಷ್ಯ, ಆಮೇಲೆ ಸ್ನಾನದ ಮನೆಯಲ್ಲೂ ಅದನ್ನು ಗುನುಗಲಿಲ್ಲ. ಗಿರಾಕಿ ಯಾರಾದರೂ ಗುನುಗಿದರೆ ಬ್ರೆಡ್ ಕತ್ತರಿಸುವ ಯಂತ್ರ ಚಾಲೂ ಮಾಡಿಬಿಡುತ್ತಿದ್ದರು.

"ಒಂದ್ಸಲ ಹಾಡಿದ್ರೆ ಗಂಟೇನು ಹೋಗುತ್ತೆ?" ಅಂತ ಅವಳು ಕೇಳಿದಾಗಲೆಲ್ಲ ಒಂದೇ ಉತ್ತರ.

"ಮಾರಿದ ಹಸುವಿನ ಹಾಲು ಕರೆಯೋದು ಕಳ್ಳತನ ಕಣೇ."

ಇಂಥ ಹಟಮಾರಿಗೆ ಏನು ಹೇಳುತ್ತೀರಿ? ಅವಳು ಹಿಟ್ಟನ್ನು ಎರಡು ಸಲ ಜೋರಾಗಿ ಗುದ್ದುತ್ತಿದ್ದಳು.

ಗಂಟು ಬಿಚ್ಚಿದವಳು ಸೊಸೆ. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಇರುವೆಯಷ್ಟು ಚಿಕ್ಕ ಅಕ್ಷರ ಓದುವುದೇ ಅವಳ ಕಸುಬು. ಬೀರು ಒರೆಸುವಾಗ ಸಿಕ್ಕಿದ ಹಳೆಯ ಕರಾರು ಪತ್ರವನ್ನು ಅಲ್ಲೇ ನೆಲದ ಮೇಲೆ ಕೂತು ಓದಿ, ಕಾಗದ ಹಿಡಿದುಕೊಂಡೇ ಓಡಿ ಬಂದಳು.

"ಅತ್ತೆ, ಇಲ್ಲಿ ನೋಡಿ! ಕಂಪನಿಯವರು ಹತ್ತು ವರ್ಷ ಸತತ ಈ ಹಾಡು ಮಾರದೇ ಇದ್ರೆ, ಕೇಳಿದ ಕೂಡಲೇ ಹಾಡು ಮಾವಂಗೆ ವಾಪಸ್ ಅಂತ ಬರೆದಿದೆ. ಕ್ಯಾಸೆಟ್ ಹೋಗಿ ಎಷ್ಟು ಕಾಲ ಆಯ್ತು! ವಾಪಸ್ ಕೊಡಿ ಅಂತ ಯಾರೂ ಕೇಳೇ ಇಲ್ವಲ್ಲ?"

"ಕೇಳೋಕೆ ಓದ್ಬೇಕಲ್ಲಮ್ಮ. ನಿಮ್ಮ ಮಾವ ಸಹಿ ಹಾಕೋಕೆ ಮಾತ್ರ ಕನ್ನಡಕ ಹಾಕ್ಕೊಂಡವರು."

ಸೊಸೆ ಮೊಬೈಲು ತೆಗೆದು ತೋರಿಸಿದಳು. ಯಾರೋ ಪುಣ್ಯಾತ್ಮರು ಹಳೆಯ ಕ್ಯಾಸೆಟ್ಟಿನಿಂದ ಆ ಹಾಡನ್ನು ಇಳಿಸಿ ಇಂಟರ್ನೆಟ್ಟಿಗೆ ಹಾಕಿದ್ದರು. ಬರೀ ಗರಗರ ಸದ್ದು, ಮಧ್ಯೆ ಎಲ್ಲೋ ಬಾವಿಯೊಳಗಿಂದ ಬಂದಂತೆ ದನಿ. ಆದರೂ ನಾಲ್ಕು ಲಕ್ಷ ಸಲ ಕೇಳಿದ್ದರು ಜನ.

"ಈಗ ಕ್ಯಾಸೆಟ್ಟೂ ಇಲ್ಲ, ಅದನ್ನ ಮಾರೋ ಅಂಗಡೀನೂ ಇಲ್ಲ ಅತ್ತೆ. ನಮ್ಮ ಹತ್ರ ಒಳ್ಳೇ ಪ್ರತಿ ಇದ್ರೆ, ಮೊಬೈಲಲ್ಲಿ ಹಾಡು ಹಂಚೋ ಕಂಪನಿಗೆ ನಾವೇ ಕಳಿಸಬಹುದು. ಅವರು ಎಲ್ಲಾ ಕಡೆ ಹಾಕ್ತಾರೆ. ಯಾರು ಕೇಳಿದ್ರೂ, ಕೇಳಿದಷ್ಟು ಸಲ ನಮಗೆ ಕಾಸು. ಮಾವ ಆಗ ಹಸುನೇ ಕೊಟ್ಟುಬಿಟ್ರು. ಈಗ ಹಸು ಮನೇಲೇ ಕಟ್ಕೊಂಡು ಹಾಲು ಮಾರಬಹುದು."

"ಲೋಟಕ್ಕೆ ಎಷ್ಟು?"

"ಲೋಟ ಎಲ್ಲಿ ಬಂತು ಅತ್ತೆ, ಹನಿ ಅನ್ನಿ."

"ಹನಿಹನಿ ಕೂಡಿದ್ರೆ ಹಳ್ಳ ಬಿಡು. ಬರಿ ಆ ಕ್ಯಾಸೆಟ್ ಕಂಪನಿಗೆ ಪತ್ರ."

ಪತ್ರ ಹೋಯಿತು. ಕಂಪನಿ ಯಾವಾಗಲೋ ಮುಚ್ಚಿಹೋಗಿತ್ತು. ಅದರ ಗೋದಾಮು ನೋಡಿಕೊಳ್ಳುತ್ತಿದ್ದವರು ಪೀಡೆ ತೊಲಗಿದರೆ ಸಾಕು ಅನ್ನುವವರಂತೆ ಒಂದು ತಿಂಗಳಲ್ಲೇ ಹಕ್ಕು ಬಿಟ್ಟ ಕಾಗದವನ್ನೂ, ಜೊತೆಗೆ ರಟ್ಟಿನ ಡಬ್ಬಿಯಲ್ಲಿ ಊಟದ ತಟ್ಟೆಯಷ್ಟು ಅಗಲದ ಮೂಲ ಟೇಪನ್ನೂ ಕಳಿಸಿಕೊಟ್ಟರು. ಒಲೆಯಕ್ಕ ಕೈ ತೊಳೆದು, ಒರೆಸಿ, ಗಂಡನ ಮುಂದೆ ಕಾಗದ ಹಿಡಿದಳು. "ಹಸು ಬಂತು. ಈಗ ಹಾಡಿ."

ಪಲ್ಲವಿ ಮಾಮ ಕಾಗದ ನೋಡಿದರು, ಡಬ್ಬಿ ನೋಡಿದರು. "ಇದು ಹಗ್ಗ. ಹಸು ಆ ಡಬ್ಬೀಲಿದೆ. ಅದು ಎದ್ದು ನಿಲ್ಲಲಿ, ಆಮೇಲೆ ನೋಡೋಣ" ಅಂದರು. ಹಾಗೆ ಹೇಳುವಾಗ ಅವರ ಕೈ ಡಬ್ಬಿಯ ಮೇಲೆಯೇ ಇತ್ತು. ಅದನ್ನು ಅವಳು ನೋಡದೇ ಇರಲಿಲ್ಲ.

ಹಸು ಏಳಲಿಲ್ಲ. ಹಳೆಯ ಟೇಪುಗಳಿಗೆ ಜೀವ ಕೊಡುವ ಒಬ್ಬ ಹಿರಿಯರಿದ್ದರು, ಎಲ್ಲರೂ ಅವರನ್ನು ಟೇಪ್ ಡಾಕ್ಟ್ರು ಅಂತಲೇ ಕರೆಯುವುದು. ಅವರು ನಾಲ್ಕು ಸುತ್ತು ಓಡಿಸಿದ್ದೇ ತಡ, ಟೇಪು ಕೀಚ್ ಅಂತ ಕಿರುಚಿತು, ಕಂದು ಪುಡಿ ಉದುರಿತು. ಅವರು ತಟ್ಟನೆ ನಿಲ್ಲಿಸಿದರು.

"ಟೇಪಿನ ಮೇಲಿನ ಅಂಟು ತೇವ ಕುಡಿದಿದೆ ಅಮ್ಮ. ಹೀಗೇ ಓಡಿಸಿದ್ರೆ ಹಾಡೆಲ್ಲ ಪುಡಿಯಾಗಿ ಉದುರಿಹೋಗುತ್ತೆ. ಹದವಾದ ಶಾಖದಲ್ಲಿ ಎಂಟು ಗಂಟೆ ಒಣಗಿಸ್ಬೇಕು. ಹೆಚ್ಚಾದ್ರೆ ಸುಕ್ಕುಗಟ್ಟುತ್ತೆ. ಮಧ್ಯದಲ್ಲಿ ತೆಗೆದ್ರೆ ಮತ್ತೆ ತೇವ ಎಳೆಯುತ್ತೆ, ಎರಡನೇ ಸಲ ಇದು ತಡೆಯಲ್ಲ. ಒಂದೇ ಅವಕಾಶ. ನನ್ನ ಒಣಗಿಸೋ ಪೆಟ್ಟಿಗೆ ನೋಡಿದ್ರೆ ಸುಟ್ಟು ಕೂತಿದೆ."

"ಎಷ್ಟು ಶಾಖ?"

"ಐವತ್ನಾಲ್ಕು ಡಿಗ್ರಿ. ಅಡುಗೆ ಒಲೆ ಅಷ್ಟು ಕಡಿಮೆಗೆ ನಿಲ್ಲಲ್ಲ."

ಒಲೆಯಕ್ಕ ಸೆರಗು ಸಿಕ್ಕಿಸಿಕೊಂಡಳು. "ಸ್ವಾಮಿ, ಮಿಕ್ಕ ಬ್ರೆಡ್ಡನ್ನ ಆರುತ್ತಿರೋ ಒಲೇಲಿ ದಿನಾ ಒಣಗಿಸಿ ರಸ್ಕ್ ಮಾಡೋಳು ನಾನು. ನನ್ನ ಒಲೆ ಎಲ್ಲಿ ನಿಲ್ಲು ಅಂದ್ರೆ ಅಲ್ಲಿ ನಿಲ್ಲುತ್ತೆ. ಅಂಗಡಿ ರಜೆ ದಿನ ಬೆಳಿಗ್ಗೆ ಬನ್ನಿ."

ಬಾಯಲ್ಲಿ ಹೇಳಿದಷ್ಟು ಧೈರ್ಯ ಎದೆಯಲ್ಲಿ ಇರಲಿಲ್ಲ. ಆ ಒಲೆ ಒಂದು ಸಲ ಆ ಹಾಡನ್ನು ನುಂಗಿತ್ತು. ಎರಡನೇ ಸಲವೂ ನುಂಗಿದರೆ, ಇಷ್ಟು ವರ್ಷ ಹೆಮ್ಮೆಯಿಂದ ಒರೆಸಿ ತಿಕ್ಕಿದ ಅದರ ಬಾಗಿಲನ್ನು ಇನ್ನು ಯಾವ ಕೈಯಿಂದ ತೆರೆಯುವುದು? ಗಂಡನ ಬಾಯಿಂದ ಆ ಹಾಡು ಮತ್ತೆ ಕೇಳುವ ಆಸೆಗೂ ಅಲ್ಲಿಗೇ ಎಳ್ಳುನೀರು. ರಜೆಯ ಹಿಂದಿನ ದಿನ ಪೂರ್ತಿ ಅವಳು ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಸೊಸೆ ಏನೋ ಕೇಳಿದ್ದಕ್ಕೆ "ಹೂಂ" ಅಂದಳು. ಅದು ಹೂಂ ಅನ್ನುವ ಪ್ರಶ್ನೆಯೇ ಆಗಿರಲಿಲ್ಲ.

ರಜೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಡಾಕ್ಟ್ರು ಬಂದರು. ಉದ್ದ ತಂತಿಯ ತುದಿಗೆ ಕಡ್ಡಿಯಿದ್ದ ಶಾಖ ಅಳೆಯುವ ಮಾಪಕ ತಂದಿದ್ದರು. ಒಲೆಯಕ್ಕ ಕೆಳ ಅಂತಸ್ತಿಗೆ ಮಾತ್ರ ಸ್ವಲ್ಪ ಶಾಖ ಕೊಟ್ಟು, ಮೇಲಿನ ಅಂತಸ್ತಿನ ಬಾಗಿಲಿಗೆ ಮರದ ತುಂಡು ಸಿಕ್ಕಿಸಿ ಎರಡು ಬೆರಳಗಲ ತೆರೆದಿಟ್ಟಿದ್ದಳು. ಮೊಣಕೈವರೆಗೆ ಕೈ ತೂರಿಸಿ, ಕಣ್ಣು ಮುಚ್ಚಿ, ತುಟಿಯಲ್ಲೇ ಎಣಿಸಿದಳು.

"ಐವತ್ತು ದಾಟಿದೆ, ಐವತ್ತೈದು ಮುಟ್ಟಿಲ್ಲ."

ಡಾಕ್ಟ್ರು ಕಡ್ಡಿ ಒಳಗಿಟ್ಟರು. ಮಾಪಕ ಐವತ್ಮೂರು ಅಂತ ತೋರಿಸಿತು. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಆಗಲೂ ಐವತ್ಮೂರೇ. ಗೋಡೆಗೆ ಒರಗಿ ನಿಂತಿದ್ದ ಪಲ್ಲವಿ ಮಾಮ, ತಾವೇ ಕೈ ಹಾಕಿ ಹೇಳಿದವರ ಹಾಗೆ ಮೀಸೆ ಸವರಿಕೊಂಡರು.

ರಸ್ಕಿನ ತಟ್ಟೆಯ ಮೇಲೆ ಟೇಪನ್ನು ಮಲಗಿಸಿದ್ದಾಯಿತು. ಗಂಟೆ ಕಳೆದಂತೆ ಅವಳು ಮರದ ತುಂಡನ್ನು ಒಂದು ಕಡ್ಡಿಯಷ್ಟು ಒಳಗೆ ತಳ್ಳುವಳು, ಒಂದು ಕಡ್ಡಿಯಷ್ಟು ಹೊರಗೆ ಎಳೆಯುವಳು. ಊಟಕ್ಕೂ ಎದ್ದು ಹೋಗಲಿಲ್ಲ, ಸೊಸೆ ತಟ್ಟೆಯನ್ನು ಸ್ಟೂಲಿನ ಮೇಲೆ ತಂದಿಟ್ಟಳು. ಐದನೇ ಗಂಟೆ ಮುಗಿಯುವ ಹೊತ್ತಿಗೆ ಮಾಪಕಕ್ಕೆ ಅದೇನಾಯಿತೋ, ಐವತ್ತೆಂಟು ಅಂದಿತು. ನೋಡನೋಡುತ್ತಿದ್ದಂತೆ ಅರವತ್ಮೂರು. ಎಪ್ಪತ್ತು.

"ಅಯ್ಯಯ್ಯೋ, ತೆಗೀರಿ, ತೆಗೀರಿ! ಹೋಯ್ತು!" ಡಾಕ್ಟ್ರು ಬಾಗಿಲಿಗೆ ಕೈ ಹಾಕಿದರು.

"ಮುಟ್ಟಬೇಡಿ!" ಒಲೆಯಕ್ಕ ಅಡ್ಡ ನಿಂತಳು. ಕೈಯನ್ನು ಒಳಗೆ ತೂರಿಸಿದಳು. ಕೈ ತನ್ನ ಪಾಡಿಗೆ ತಾನು ಎಣಿಸುತ್ತಿತ್ತು. "ಐವತ್ತೈದರ ಮೇಲೆ ಒಂದು ಕೂದಲೆಳೆಯಷ್ಟೂ ಇಲ್ಲ. ಜ್ವರ ಬಂದಿರೋದು ನಿಮ್ಮ ಮಾಪಕಕ್ಕೆ."

"ಯಂತ್ರ ಸುಳ್ಳು ಹೇಳುತ್ತೇನಮ್ಮ? ಇನ್ನೆರಡು ನಿಮಿಷ ಬಿಟ್ರೆ ಹಾಡು ಕೈಗೆ ಸಿಗಲ್ಲ!"

"ಈಗ ತೆಗೆದ್ರೂ ಸಿಗಲ್ಲ ಅಂತ ಹೇಳಿದವರು ನೀವೇ ಅಲ್ವಾ?"

ಇಬ್ಬರೂ ಪಲ್ಲವಿ ಮಾಮನ ಕಡೆ ತಿರುಗಿದರು. ಎಷ್ಟಾದರೂ ಹಾಡು ಅವರದು. ಅವರು ಗೋಡೆ ಬಿಟ್ಟು ಬಂದು ಡಾಕ್ಟ್ರ ಭುಜದ ಮೇಲೆ ಕೈಯಿಟ್ಟರು.

"ಡಾಕ್ಟ್ರೇ, ಇವಳ ಕೈಯಲ್ಲಿ ಒಂದು ಬ್ರೆಡ್ಡು ಸೀದಿದ್ದನ್ನ ನಾನು ಈವರೆಗೂ ನೋಡಿಲ್ಲ. ಬಿಡಿ. ಇವಳು ಹೇಳಿದ ಹಾಗೇ ಆಗಲಿ."

"ಒಂದ್ಸಲ ಸೀದಿತ್ತು" ಅಂದಳು ಒಲೆಯಕ್ಕ, ಕೈ ಹೊರಗೆ ತೆಗೆಯದೆ. "ಮಗ ಹುಟ್ಟಿದ ದಿನ."

"ಆವತ್ತು ಒಲೆ ಮುಂದೆ ಇದ್ದವನು ನಾನು."

ಅವಳು ಇಕ್ಕಳ ತೆಗೆದುಕೊಂಡು ಬಗ್ಗಿ ನೋಡಿದಳು. ನೋಡಿದರೆ ಏನು? ಮಾಪಕದ ಕಡ್ಡಿ ತಟ್ಟೆಯಿಂದ ಜಾರಿ, ಕೆಳ ಅಂತಸ್ತಿನ ಶಾಖ ಕುಡಿದು ಕಾದಿದ್ದ ತಳದ ಕಲ್ಲಿಗೆ ಮೂತಿಯಿಟ್ಟು ಮಲಗಿತ್ತು. ಇಕ್ಕಳದಿಂದ ಎತ್ತಿ ತಟ್ಟೆಯ ಮೇಲಿಟ್ಟಳು. ಅರವತ್ತು, ಐವತ್ತೇಳು, ಐವತ್ತೈದು. ಅಲ್ಲಿಗೆ ನಿಂತಿತು. ಡಾಕ್ಟ್ರು ಸ್ಟೂಲಿನ ಮೇಲೆ ಕುಸಿದು ಕೂತು, ಅಲ್ಲಿದ್ದ ಅವಳ ಊಟದ ತಟ್ಟೆಯನ್ನು ತಮ್ಮದು ಅಂದುಕೊಂಡು ತಿನ್ನತೊಡಗಿದರು. ಅವಳು ಬೇಡ ಅನ್ನಲಿಲ್ಲ. ಗಂಡನ ಆ ಮಾತಿಗೇ ಅವಳ ಹೊಟ್ಟೆ ತುಂಬಿತ್ತು.

ಮಾರನೆಯ ದಿನ ಮಧ್ಯಾಹ್ನ, ಟೇಪು ಪೂರ್ತಿ ತಣ್ಣಗಾದ ಮೇಲೆ, ಡಾಕ್ಟ್ರ ಕೋಣೆಯಲ್ಲಿ ಅದನ್ನು ಓಡಿಸಿದರು. ಕೀಚ್ ಅನ್ನಲಿಲ್ಲ. ಗರಗರವೂ ಇಲ್ಲ, ಬಾವಿಯೂ ಇಲ್ಲ. ಇಪ್ಪತ್ತೊಂಬತ್ತು ವರ್ಷ ಕಿರಿಯನಾದ ಒಬ್ಬ ಮನುಷ್ಯ ಅವಳ ಪಕ್ಕದಲ್ಲೇ ಕೂತು ಉಸಿರೆಳೆದು, 'ಬಾಗಿಲ ತೆರೆದಿಡು' ಅಂದ. ಒಲೆಯಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಪಲ್ಲವಿ ಮಾಮ ಕಿಟಕಿಯ ಕಡೆ ತಿರುಗಿ ನಿಂತಿದ್ದರು. ಅವರ ತುಟಿ ಅಲುಗುತ್ತಿತ್ತು, ಸ್ವರ ಮಾತ್ರ ಹೊರಡಲಿಲ್ಲ. "ಹಸು ಎದ್ದಿತಲ್ಲ" ಅಂದಳು. "ಎದ್ದಿದೆ. ಯಾರ ಮನೆ ಹಸು ಅಂತ ಇನ್ನೂ ಬರೆಸಿಲ್ಲ" ಅಂದರು ಮಹಾರಾಯರು. ಇಕ್ಕಳ ಆಗ ಕೈಯಲ್ಲಿ ಇದ್ದಿದ್ದರೆ ಏನಾಗುತ್ತಿತ್ತೋ.

ಬರೆಸುವ ಹೊತ್ತು ಎರಡು ದಿನದಲ್ಲಿ ಬಂತು. ಸಂಜೆ, ಅಂಗಡಿಯಲ್ಲಿ ಗಿರಾಕಿಗಳು ಸಾಲುಗಟ್ಟಿದ್ದ ಹೊತ್ತು. ಸೊಸೆ ಗಲ್ಲಾದ ಪಕ್ಕ ನಿಂತು, ಹಂಚುವ ಕಂಪನಿಯ ಅರ್ಜಿಯನ್ನು ಮೊಬೈಲಿನಲ್ಲೇ ತುಂಬುತ್ತಿದ್ದಳು. ಹಾಡಿದವರು ಮಾವ. ಬರೆದವರು ಮಾವ. ರಾಗ ಹಾಕಿದವರು ಮಾವ.

"ಮೂಲ ಧ್ವನಿಮುದ್ರಣದ ಮಾಲೀಕರು ಯಾರು ಅಂತ ಕೇಳ್ತಿದೆ. ಮಾವ, ಇಲ್ಲೂ ನಿಮ್ಮ ಹೆಸರೇ ಅಲ್ವಾ? ಹಾಡಿಂದ ಬರೋದೆಲ್ಲ ಮಾಲೀಕರ ಖಾತೆಗೇ ಹೋಗುತ್ತಂತೆ."

ಪಲ್ಲವಿ ಮಾಮ ಚಿಲ್ಲರೆ ಎಣಿಸುತ್ತಲೇ ಹೇಳಿದರು. "ನಿಮ್ಮತ್ತೆ ಹೆಸರು ಬರಿ."

ಒಳಗಿಂದ ಒಲೆಯಕ್ಕ ಹಿಟ್ಟಿನ ಕೈಯಲ್ಲೇ ಬಂದಳು. "ಏನು ತಮಾಷೇನಾ? ನನ್ನ ಹೆಸರು ಯಾಕೆ? ನಾನೇನು ಹಾಡಿದ್ನಾ?"

"ನೋಡು, ಹಾಡು ಕೊಟ್ಟೆ, ಒಲೆ ಬಂತು. ಒಲೆ ನಿಂದು. ಆ ಒಲೆಯಿಂದ ಎದ್ದು ಬಂದಿದ್ದು ಈ ಹಾಡು. ಅದು ನನ್ನದು ಹೇಗಾಗುತ್ತೆ? ಎಲ್ಲರೂ ನಾನು ಹಾಡು ಕಳ್ಕೊಂಡೆ ಅಂತಾರೆ. ಈ ಒಲೆಗಾಗಿ ನಾನು ಒಂದು ದಿನವೂ ಪಶ್ಚಾತ್ತಾಪ ಪಟ್ಟಿಲ್ಲ. ಬರಿಯಮ್ಮ, ಅವಳ ಹೆಸರೇ ಬರಿ."

ಸಾಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಂಡರು. ಯಾರೂ ಪಾಪ ಅನ್ನಲಿಲ್ಲ. ಒಲೆಯಕ್ಕನ ಕಣ್ಣು ತುಂಬಿತು. ಅದರ ಹಿಂದೆಯೇ ಮತ್ತೊಂದು ವಿಷಯ ಹೊಳೆದು, ಅವಳು ಸೊಂಟಕ್ಕೆ ಕೈಯಿಟ್ಟಳು. ಸೀರೆಗೆ ಹಿಟ್ಟು ಮೆತ್ತಿತು.

"ಬರೆದಾಯ್ತೇನಮ್ಮ?"

"ಆಯ್ತು ಅತ್ತೆ. ಮಾಲೀಕರು ನೀವೇ."

"ಅಂದ್ರೆ ಹಸು ಈಗ ನಂದು."

"ನಿಂದೇ" ಅಂದರು ಪಲ್ಲವಿ ಮಾಮ.

"ಹಾಲು ಕರೆಯೋಕೆ ಯಾರಿಗೆ ಬೇಕಾದ್ರೂ ಹೇಳೋ ಹಕ್ಕು ನಂದು ತಾನೆ? ಹೇಳ್ತಾ ಇದೀನಿ ಕೇಳಿ. ಹಾಡಿ."

ಮಾಮ ತಾವೇ ಹೆಣೆದ ಬಲೆಯಲ್ಲಿ ತಾವೇ ಬಿದ್ದಿದ್ದರು, ತಪ್ಪಿಸಿಕೊಳ್ಳಲು ಒಂದು ತೂತೂ ಇರಲಿಲ್ಲ. ಅಭ್ಯಾಸಬಲದಿಂದ ಬ್ರೆಡ್ ಕತ್ತರಿಸುವ ಯಂತ್ರದ ಕಡೆ ಕೈ ಹೋಯಿತು. ಸೊಸೆ ಮೊದಲೇ ಅದರ ಪ್ಲಗ್ಗು ಕಿತ್ತಿದ್ದಳು.

ಅವರು ಎದ್ದು ನಿಂತರು. ಕೈಯಲ್ಲಿದ್ದ ಚಿಲ್ಲರೆಯನ್ನು ಗಲ್ಲಾದೊಳಗೆ ಹಾಕಿ, ಅದನ್ನು ಮುಚ್ಚಿ, ಗಂಟಲು ಸರಿಮಾಡಿಕೊಂಡರು. ಮೊದಲ ಸಾಲು ಒಡೆದುಹೋಯಿತು. ಎರಡನೇ ಸಲಕ್ಕೆ ದನಿ ಸಿಕ್ಕಿತು. ಟೇಪಿನಲ್ಲಿದ್ದ ದನಿಯಲ್ಲ, ಒರಟಾದ, ನಡುಗುವ, ಅರವತ್ತರ ದನಿ. ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಸಾಲು ಕಟ್ಟುವಾಗ ಮಾಡುತ್ತಿದ್ದಂತೆಯೇ ಅವಳ ಕೈಯನ್ನೇ ನೋಡುತ್ತಾ ಹಾಡಿದರು.

ಎರಡನೇ ಚರಣದ ಮಧ್ಯೆ, ಆಗಷ್ಟೇ ಒಳಗೆ ಬಂದ ಗಿರಾಕಿಯೊಬ್ಬರು ಜನರ ಮೇಲಿಂದ ಕೈಚಾಚಿ, "ಒಂದು ದೊಡ್ಡ ಬ್ರೆಡ್ ಕೊಡಿ" ಅಂದರು.

ಒಲೆಯಕ್ಕ ಅವರ ಕಡೆ ತಿರುಗಲೂ ಇಲ್ಲ. "ಸ್ವಲ್ಪ ನಿಲ್ಲಿ" ಅಂದಳು. "ನನ್ನ ಹಾಡು ನಡೀತಾ ಇದೆ."