ಬೆರಳಿಗೆ ಸಿಗದ ಆಟ

ಕಾರನ್ನು ತಳ್ಳಿಕೊಂಡು ಬಂದ ಇಬ್ಬರು ದಾರಿಹೋಕರು ಅದನ್ನು ಗ್ಯಾರೇಜಿನ ಬಾಗಿಲಲ್ಲೇ ಬಿಟ್ಟು, ಬೆವರು ಒರೆಸಿಕೊಳ್ಳುತ್ತ ಹೊರಟುಹೋದರು. ಸ್ಟೇರಿಂಗ್ ಹಿಡಿದು ಕೂತಿದ್ದ ನರ್ಸ್ ಮಾತ್ರ ಇಳಿಯಲಿಲ್ಲ. ಎರಡು ತಿಂಗಳಲ್ಲಿ ಇದು ನಾಲ್ಕನೇ ಸಲ.

"ಎಲ್ಲಿ ನಿಂತಿತು, ಸಿಸ್ಟರ್?" ಮೆಕ್ಯಾನಿಕ್ ಕೇಳಿದ.

"ಸೇತುವೆ ಮೇಲೆ. ಹಿಂದಿನವರು ಹಾರ್ನ್ ಹೊಡೆದಿದ್ದೇ ಹೊಡೆದಿದ್ದು." ಅವಳ ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ. "ಆ ಕಡೆ ಒಬ್ಬರು ಅಜ್ಜಿ ಬೆನ್ನಿನ ಹುಣ್ಣಿಗೆ ಡ್ರೆಸ್ಸಿಂಗ್ ಮಾಡ್ಬೇಕಿತ್ತು ಅಣ್ಣ. ತಾನಾಗಿ ಮಗ್ಗುಲು ಬದಲಾಯಿಸೋಕೂ ಆಗದ ಜೀವ. ಬಾಗಿಲು ನೋಡ್ತಾ ಮಲಗಿರುತ್ತೆ."

ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವವಳು ಅವಳು. ಕಾರು ಅವಳ ಅಪ್ಪನ ಕಾಲದ್ದು. ತೊಂದರೆಯೆಲ್ಲ ಇದ್ದದ್ದು ನಾಲ್ಕು ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನಲ್ಲಿ. ಮೊದಲ ಸಲ ಅವನು ಪಾಯಿಂಟ್ ಬದಲಿಸಿದ; ಎರಡನೆಯ ಸಲ ಕಂಡೆನ್ಸರ್; ಮೂರನೆಯ ಸಲ ಕ್ಯಾಪನ್ನೂ ರೋಟರನ್ನೂ. ಪ್ರತಿ ಸಲವೂ ಕಾರು ಅವನ ಕಣ್ಣೆದುರು ಸಾಧುವಿನಂತೆ ಓಡಿ, ವಾರ ತುಂಬುವುದರೊಳಗೆ ರಾಗ ಬದಲಿಸುತ್ತಿತ್ತು. ಊರಿನ ಉಳಿದ ಗ್ಯಾರೇಜಿನವರು ಕೈಚೆಲ್ಲಿದ ಗಾಡಿಗಳನ್ನೆಲ್ಲ "ಕರೆಂಟಣ್ಣನ ಹತ್ರ ಹೋಗಿ" ಎಂದು ಇವನಲ್ಲಿಗೇ ಕಳಿಸುತ್ತಿದ್ದರು. ಇದೊಂದು ಕಾರು ಮೂವತ್ತು ವರ್ಷದ ಹೆಸರಿನ ಮೇಲೆ ಕೂತುಬಿಟ್ಟಿತ್ತು.

ಅವನು ಬಾನೆಟ್ ಎತ್ತಿ ಡಿಸ್ಟ್ರಿಬ್ಯೂಟರನ್ನು ಬಿಚ್ಚಿ ಮೇಜಿನ ಮೇಲೆ ತಂದಿಟ್ಟ. ನಡುವಿನ ಶಾಫ್ಟನ್ನು ಬೆರಳಲ್ಲಿ ಹಿಡಿದು ಅತ್ತಿತ್ತ ಅಲ್ಲಾಡಿಸಿದ.

"ಆಟ ಇಲ್ಲ."

"ಪ್ರತಿ ಸಲ ಅದನ್ನೇ ಹೇಳ್ತೀರಿ. ಏನದು ಆಟ?" ನರ್ಸ್ ಕೊನೆಗೂ ಇಳಿದು ಬಂದಿದ್ದಳು.

"ಇದು ಬುಷ್ ಅನ್ನೋ ಲೋಹದ ಬಳೆಯೊಳಗೆ ಬಿಗಿಯಾಗಿ ತಿರುಗಬೇಕು. ಬುಷ್ ಸವೆದಿದ್ರೆ ಅಕ್ಕಪಕ್ಕ ಆಡುತ್ತೆ, ಕರೆಂಟು ತಪ್ಪುತ್ತೆ. ಇದು ಕಲ್ಲಿನ ಹಾಗಿದೆ, ಬೇಕಾದ್ರೆ ನೀವೇ ನೋಡಿ."

ತನ್ನ ಮಾತು ನಂಬಲಿ ಎಂದಷ್ಟೇ ಕೊಟ್ಟದ್ದು. ಅವಳು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದಳು.

"ಆಡ್ತಿದೆಯಲ್ಲ ಅಣ್ಣ."

"ಎಲ್ಲಿ?"

"ಇಲ್ಲೇ. ಬೀಳೋಕಾದ ಹಲ್ಲಿನ ಥರ."

ಅವನು ಕಸಿದುಕೊಂಡ. ಅಲ್ಲಾಡಿಸಿದ. ಏನೂ ತಿಳಿಯಲಿಲ್ಲ. ಹಿಡಿತ ಬದಲಿಸಿ ಮತ್ತೆ ನೋಡಿದ. ಆಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗಿನಿಂದ ಟಿಕ್, ಟಿಕ್ ಎಂಬ ಸಣ್ಣ ಸದ್ದು ಕೇಳಿಸಿತು.

ನರ್ಸ್ ಈಗ ಡಿಸ್ಟ್ರಿಬ್ಯೂಟರನ್ನು ಬಿಟ್ಟು ಅವನ ಕೈಯನ್ನು ನೋಡುತ್ತಿದ್ದಳು. ತೋರುಬೆರಳ ತುದಿಯಲ್ಲಿ ಬೊಬ್ಬೆಯೊಂದು ಒಡೆದು ಒಣಗಿತ್ತು.

"ಇದು ಯಾವಾಗ ಸುಟ್ಟಿದ್ದು?"

"ಗೊತ್ತಿಲ್ಲ. ಸೈಲೆನ್ಸರ್ ತಾಗಿರ್ಬೇಕು."

"ಕಣ್ಣು ಮುಚ್ಚಿ. ಮುಟ್ಟಿದಾಗೆಲ್ಲ ಹೂಂ ಅನ್ನಿ."

ಜೇಬಿನಿಂದ ಪೆನ್ನು ತೆಗೆದು ಅದರ ಮುಚ್ಚಳದಿಂದ ಅವನ ಮಣಿಕಟ್ಟನ್ನು ಮುಟ್ಟಿದಳು. "ಹೂಂ." ಅಂಗೈ. "ಹೂಂ." ಆಮೇಲೆ ತುಂಬ ಹೊತ್ತು ಏನೂ ಆಗಲಿಲ್ಲ. ಸುಮ್ಮನಿದ್ದರೆ ಸಿಕ್ಕಿಬೀಳುತ್ತೇನೆ ಎನ್ನಿಸಿ, ಅಂದಾಜಿನ ಮೇಲೆ, "ಹೂಂ" ಎಂದ.

"ಬೆರಳುಗಳನ್ನೆಲ್ಲ ಮುಟ್ಟಿದಾಗ ಸುಮ್ಮನಿದ್ರಿ. ಈಗ ನಾನು ಮುಟ್ಟಲೇ ಇಲ್ಲ ಅಣ್ಣ."

ಅವನು ಕಣ್ಣು ತೆರೆದ. ಹಿಂದೊಮ್ಮೆ ಮನೆಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳಲು ಅವನು ಒದ್ದಾಡುವುದನ್ನು ಕಂಡು ಹೆಂಡತಿ "ಕೈಗೇನಾಗಿದೆ?" ಎಂದಾಗ, "ಕೈಗೇನಾಗುತ್ತೆ, ಗುಂಡಿ ಚಿಕ್ಕದಾಗಿದೆ" ಎಂದು ಹಾರಿಸಿದ್ದ. ಅವಳು ನಕ್ಕಿದ್ದಳು. ಅವನಿಗೂ ಅದು ಒಳ್ಳೆಯ ಉತ್ತರವೆನಿಸಿತ್ತು.

"ಹಾಗಾದ್ರೆ ಮೂರು ಸಲ ನಿಮ್ಮನ್ನ ದಾರಿಯಲ್ಲಿ ನಿಲ್ಲಿಸಿದ್ದು ನಾನೇ," ಎಂದ.

ಅಲ್ಲವೆಂದು ಹೇಳುವಷ್ಟು ತ್ರಾಣ ಅವಳಲ್ಲೂ ಇರಲಿಲ್ಲ. "ಹೌದು," ಎಂದಳು. ಪೆನ್ನನ್ನು ಜೇಬಿಗೆ ಹಾಕಿಕೊಂಡು, "ಎಷ್ಟು ದಿನದಿಂದ ಹೀಗೆ?"

"ಒಂದು ವರ್ಷ ಆಗಿರ್ಬಹುದು. ಗ್ರೀಸ್ ಹಿಡಿದೂ ಹಿಡಿದೂ ಚರ್ಮ ದಪ್ಪ ಆಗಿದೆ ಅಂದ್ಕೊಂಡಿದ್ದೆ. ಸಿಸ್ಟರ್, ಬೆರಳು ಹೋದ್ರೆ ನನ್ನ ಹತ್ರ ಇನ್ನೇನಿದೆ?"

"ಅದು ಆಮೇಲಿನ ಮಾತು. ಸಕ್ಕರೆ ಕಾಯಿಲೆ ಇರಬಹುದು, ಮೊದಲು ರಕ್ತ ನೋಡಬೇಕು. ನಾಳೆ ಬೆಳಿಗ್ಗೆ ಏನೂ ತಿನ್ನಬೇಡಿ. ಮನೆಗೇ ಬರ್ತೀನಿ."

"ಹೇಗೆ ಬರ್ತೀರಿ?"

"ನೀವು ಇದನ್ನ ಸರಿ ಮಾಡಿದ್ರೆ ಕಾರಲ್ಲಿ. ಇಲ್ಲದಿದ್ರೆ ನಡ್ಕೊಂಡು."

ಪಕ್ಕದ ಲೇತ್ ಅಂಗಡಿಯಲ್ಲಿ ಹೊಸ ಬುಷ್ ಕಡೆಸಿಕೊಂಡು ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ನರ್ಸ್ ಅಜ್ಜಿಯ ಮನೆಗೆ ಫೋನ್ ಮಾಡಿ, ತಡವಾದರೂ ಬರುತ್ತೇನೆ ಎಂದು ಹೇಳಿ, ಹಳೆಯ ಸೀಟಿನ ಮೇಲೆ ಕೂತಲ್ಲೇ ತೂಕಡಿಸಿದಳು. ಅವನು ಬುಷ್ ಕೂರಿಸಿ, ಎಣ್ಣೆ ಬಿಟ್ಟು, ಶಾಫ್ಟ್ ಇಳಿಸಿದ. ತಾನು ಅಲ್ಲಾಡಿಸಿ ನೋಡಲಿಲ್ಲ. ಅವಳನ್ನು ಎಬ್ಬಿಸಿ ಕೈಗೆ ಕೊಟ್ಟ.

"ಇಲ್ಲ. ಆಡ್ತಿಲ್ಲ," ಎಂದಳು.

"ಇನ್ನೊಂದ್ಸಲ ನೋಡಿ."

ನೋಡಿದಳು. "ಇಲ್ಲ ಅಣ್ಣ."

ಪಾಯಿಂಟಿನ ಸಂದಿ ಅಳೆಯುವ ಗೇಜಿನ ತೆಳು ತಗಡನ್ನೂ ಅವಳೇ ತೂರಿಸಿದಳು. ಅವನು ಹೇಳುತ್ತ ಹೋದ. ಕಾರು ಮೊದಲ ಬಾರಿಗೇ ಸ್ಟಾರ್ಟ್ ಆಗಿ ಒಂದೇ ಸಮನೆ ಓಡತೊಡಗಿತು. ಅವಳು ಗಡಿಯಾರ ನೋಡಿಕೊಂಡು, ನಾಳೆ ಬೆಳಿಗ್ಗೆ ಏನೂ ತಿನ್ನಬಾರದೆಂದು ಮತ್ತೊಮ್ಮೆ ನೆನಪಿಸಿ ಸೇತುವೆಯ ಕಡೆ ಹೊರಟಳು.

ಅವನು ಬಾಗಿಲನ್ನು ಅರ್ಧ ಎಳೆದು ಹಿತ್ತಲಿನ ನಲ್ಲಿಯ ಹತ್ತಿರ ಹೋದ. ಸೋಪಿನ ಪುಡಿ ಹಾಕಿ ಒಂದೊಂದೇ ಬೆರಳನ್ನು ಉಜ್ಜಿದ. ನೀರು ಬೆರಳುಗಳ ಮೇಲೆ ಹರಿಯುತ್ತಿತ್ತು. ಅದು ಮಣಿಕಟ್ಟಿಗೆ ಇಳಿದ ಮೇಲೆಯೇ ತಣ್ಣಗಿದೆಯೆಂದು ತಿಳಿದದ್ದು.